ಬೆಂಡು ಬಿಟ್ಟು ಕ್ಯಾಟ್‌ಫಿಶ್ ಹಿಡಿಯುವುದು: ಟೆಕ್ಸಸ್ ಹಿನ್ನೀರಿಗೆ ಒಂದು ಸಮಗ್ರ ಮಾರ್ಗದರ್ಶಿ

"ಇಪ್ಪತ್ತು ಬಾಟಲಿ ಬಿಟ್ವಿ, ನಾಲ್ಕು ವಾಪಸ್ ಸಿಗಲೇ ಇಲ್ಲ, ಉಳಿದದ್ದರಲ್ಲಿ ದಾರವೆಲ್ಲ ಗಂಟು, ಮೀನು ಸೊನ್ನೆ." ಡಾಲಸ್, ಹ್ಯೂಸ್ಟನ್ ಕಡೆಯ ನಮ್ಮ ಕನ್ನಡದವರು ಜಗ್ ಫಿಶಿಂಗ್ ಬಗ್ಗೆ ಹೇಳುವ ಕತೆ ಹೆಚ್ಚುಕಡಿಮೆ ಇದೇ.

ಕೆಲಸ ನೋಡಲು ಸುಲಭ. ತೇಲುವ ಬೆಂಡಿಗೆ ದಾರ, ದಾರಕ್ಕೆ ಹುಕ್, ಹುಕ್ಕಿಗೆ ಎರೆ. ಕೋಲು ಬೇಡ, ರೀಲು ಬೇಡ. ಆದರೆ ಜನ ಬೆಂಡು ಮಾಡುವುದರಲ್ಲೇ ಶನಿವಾರ ಪೂರ್ತಿ ಕಳೆಯುತ್ತಾರೆ. ದಾರ ಎಷ್ಟು ಉದ್ದ ಇರಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅನ್ನುವುದನ್ನು ನೀರಿಗಿಳಿದ ಮೇಲೆ ಯೋಚಿಸುತ್ತಾರೆ. ಬೆಂಡು ಹೇಗೆ ಮಾಡಿದರೂ ತೇಲುತ್ತದೆ. ಎರೆ ತಪ್ಪು ಆಳದಲ್ಲಿದ್ದರೆ ಮಾತ್ರ ಯಾವ ಬೆಂಡೂ ನಿಮ್ಮನ್ನು ಉಳಿಸುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಬೆಂಡಿಗಿಂತ ಆಳ, ಗಾಳಿ, ಕೆಲಸದ ಕ್ರಮ ಇವಕ್ಕೇ ಜಾಸ್ತಿ ಜಾಗ.

ಹಂತ 1: ಲೈಸೆನ್ಸ್ ಮತ್ತು ಟ್ಯಾಗ್

ಸಾಮಾನು ಕೊಳ್ಳುವ ಮುಂಚೆ ಇದನ್ನು ಮುಗಿಸಿ. ಟೆಕ್ಸಸ್‌ನಲ್ಲಿ 17 ವರ್ಷ ತುಂಬಿದವರಿಗೆ ಸಿಹಿನೀರಿನ ಮೀನುಗಾರಿಕೆ ಲೈಸೆನ್ಸ್ ಬೇಕು. ಮಾಮೂಲಿ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಜುಲೈನಲ್ಲಿ ಕೊಂಡರೆ ಎರಡು ತಿಂಗಳೂ ಬಾಳುವುದಿಲ್ಲ ಅನ್ನುವುದು ಗೊತ್ತಿರಲಿ.

ಜಗ್‌ಲೈನ್‌ಗೆ, ಅಂದರೆ ದಾರ, ಹುಕ್ ಕಟ್ಟಿ ತೇಲಿಬಿಡುವ ಇಂಥ ಬೆಂಡಿಗೆ, ಪ್ರತ್ಯೇಕ ನಿಯಮಗಳಿವೆ. ಒಂದು ಬೆಂಡಿಗೆ 5ಕ್ಕಿಂತ ಹೆಚ್ಚು ಹುಕ್ ಕಟ್ಟುವಂತಿಲ್ಲ. ನಿಮ್ಮ ಎಲ್ಲ ಸಾಧನಗಳನ್ನೂ ಸೇರಿಸಿ ಒಬ್ಬರಿಗೆ 100 ಹುಕ್ ಮಿತಿ. ಪ್ರತಿ ಬೆಂಡಿಗೂ ಗೇರ್ ಟ್ಯಾಗ್ (ಯಾರದೆಂದು ತಿಳಿಸುವ ಗುರುತಿನ ಚೀಟಿ) ಇರಬೇಕು, ಅದು ಬೆಂಡಿನಿಂದ 6 ಇಂಚಿನ ಒಳಗೆ ಇರಬೇಕು. ಟ್ಯಾಗ್ ಮೇಲೆ ನಿಮ್ಮ ಹೆಸರು ಮತ್ತು ವಿಳಾಸ, ಇಲ್ಲವೇ ಲೈಸೆನ್ಸಿನಲ್ಲಿರುವ ಕಸ್ಟಮರ್ ನಂಬರ್, ಜೊತೆಗೆ ನೀರಿಗೆ ಬಿಟ್ಟ ದಿನಾಂಕ. ಈ ದಿನಾಂಕಕ್ಕೆ ಅವಧಿ ಇದೆ. ಹೋದ ತಿಂಗಳ ಟ್ಯಾಗ್ ಹಾಗೇ ಬಿಟ್ಟರೆ ಟ್ಯಾಗ್ ಇಲ್ಲದಂತೆಯೇ ಲೆಕ್ಕ.

ಬೆಂಡಿನ ಬಣ್ಣ ಕಿತ್ತಳೆ ಆಗಿರಬಾರದು. ಅದು ಮಾರಾಟಕ್ಕೆ ಮೀನು ಹಿಡಿಯುವವರ ಬಣ್ಣ. ದೂರಕ್ಕೆ ಚೆನ್ನಾಗಿ ಕಾಣುತ್ತದೆ ಅಂತ ಕಿತ್ತಳೆ ನೂಡಲ್ (ಈಜುಕೊಳದಲ್ಲಿ ತೇಲಲು ಬಳಸುವ ಉದ್ದನೆಯ ಫೋಮ್ ಕೋಲು) ತರುವವರೇ ಜಾಸ್ತಿ, ಅಲ್ವಾ? ಹಳದಿ ಅಥವಾ ಬಿಳಿ ತನ್ನಿ. ಬೆಂಡಿನ ಅಳತೆ, ತೂಕದ ಕಲ್ಲು ಕಟ್ಟಿ ಒಂದೇ ಕಡೆ ನಿಲ್ಲಿಸುವುದು, ಟ್ಯಾಗಿನ ಅವಧಿ, ಇವು ಮೂರನ್ನೂ ಆ ವರ್ಷದ ಟೆಕ್ಸಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ನಿಯಮ ಪುಸ್ತಕದಲ್ಲಿ ಓದಿಕೊಳ್ಳಿ. ಹೋಗುವ ಕೆರೆಯ ಹೆಸರಿನಲ್ಲೂ ಹುಡುಕಿ, ಏಕೆಂದರೆ ಕೆಲವು ಕೆರೆಗಳಿಗೆ ಬೇರೆಯೇ ನಿಯಮ. ಊರಿನ ಚಿಕ್ಕ ಸಮುದಾಯ ಕೆರೆಗಳಲ್ಲಿ ಮತ್ತು ಪೂರ್ತಿ ಸ್ಟೇಟ್ ಪಾರ್ಕಿನೊಳಗೇ ಇರುವ ಕೆರೆಗಳಲ್ಲಿ ಕೋಲು-ದಾರ ಮಾತ್ರ. ಬೆಂಡು ಬಿಡುವಂತೆಯೇ ಇಲ್ಲ. ಟೆಕ್ಸೋಮಾ ಕೆರೆ ಒಕ್ಲಹೋಮಾ ಜೊತೆ ಹಂಚಿಕೊಂಡದ್ದು. ಎರಡೂ ಕಡೆ ಓಡಾಡಬೇಕಿದ್ದರೆ ಆ ಕೆರೆಯದೇ ಲೈಸೆನ್ಸ್ ತೆಗೆದುಕೊಳ್ಳಿ.

ಊರಲ್ಲಿರುವವರು "ನಮ್ಮ ಕೆರೆಯಲ್ಲಿ ಮಾಡಬಹುದಾ" ಅಂತ ಕೇಳುತ್ತಾರೆ. ಕರ್ನಾಟಕದಲ್ಲಿ ಬಹಳಷ್ಟು ಕೆರೆಗಳ ಮೀನಿನ ಹಕ್ಕು ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತದೆ. ಅವರ ಒಪ್ಪಿಗೆ ಇಲ್ಲದೆ ಒಂದು ಬಾಟಲಿಯನ್ನೂ ಬಿಡಬೇಡಿ.

ಹಂತ 2: ಸಾಮಾನು

ಮೊದಲ ಸಲಕ್ಕೆ 6ರಿಂದ 8 ಬೆಂಡು ಸಾಕು. ಇಪ್ಪತ್ತು ಬೆಂಡನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು ಪಳಗಿದವರಿಗೇ ಕಷ್ಟ. ಕಯಾಕ್‌ನಲ್ಲಿ ಒಬ್ಬರೇ ಹೋಗುವುದಾದರೆ 5 ದಾಟಬೇಡಿ.

ಬೆಂಡಿಗೆ: ದಪ್ಪನೆಯ ಈಜುಕೊಳದ ನೂಡಲ್ (3 ಇಂಚಿಗಿಂತ ದಪ್ಪ ಇದ್ದರೆ ಒಳ್ಳೆಯದು), ಅರ್ಧ ಇಂಚಿನ ಪಿವಿಸಿ ಪೈಪ್, ಅದರ ಎರಡು ತುದಿಗೂ ಮುಚ್ಚಳ, ಪಿವಿಸಿ ಅಂಟು, ಪ್ರತಿಫಲಿಸುವ ಟೇಪು.

ದಾರಕ್ಕೆ: ಡಾಂಬರು ಹಚ್ಚಿದ ಕಪ್ಪು ನೈಲಾನ್ ದಾರ, 36 ನಂಬರಿನದು. ತೆಳ್ಳಗಿನ ದಾರವೂ ತಡೆಯುತ್ತದೆ, ಆದರೆ ಮೀನು ಎಳೆದಾಗ ಕೈ ಕೊಯ್ಯುತ್ತದೆ. ಹುಕ್ ಕಟ್ಟುವ ಕವಲಿಗೆ 50 ಪೌಂಡು ಎಳೆತ ತಡೆಯುವ ಮಾನೋಫಿಲಮೆಂಟ್ (ಒಂಟಿ ಎಳೆಯ ಪ್ಲಾಸ್ಟಿಕ್ ದಾರ). ಮೊನೆ ಒಳಕ್ಕೆ ಬಾಗಿದ ಸರ್ಕಲ್ ಹುಕ್, ಅಳತೆ 5/0ರಿಂದ 8/0. ದಾರ ಹುರಿಗೊಳ್ಳದಂತೆ ತಿರುಗುವ ಲೋಹದ ಕೊಂಡಿಗಳು, ಅಂದರೆ ಸ್ವಿವೆಲ್‌ಗಳು. 4ರಿಂದ 6 ಔನ್ಸಿನ ಸೀಸದ ತೂಕಗಳು.

ದೋಣಿಯಲ್ಲಿ: ಉದ್ದ ಹಿಡಿಕೆಯ ಬಲೆ, ತುದಿಗೆ ಕೊಕ್ಕೆ ಹಾಕಿದ ಪೊರಕೆ ಕೋಲು, ಉದ್ದ ಮೂತಿಯ ಇಕ್ಕಳ, ಹುಕ್ ಕತ್ತರಿಸುವಂಥ ಕಟ್ಟರ್, ಅಳತೆಪಟ್ಟಿ, ಬೈನಾಕ್ಯುಲರ್, ಐಸ್ ತುಂಬಿದ ಕೂಲರ್. ಕಟ್ಟರ್ ಒಂದನ್ನು ಮಾತ್ರ ಯಾವ ಕಾರಣಕ್ಕೂ ಬಿಟ್ಟು ಹೋಗಬೇಡಿ. ಯಾಕೆ ಅನ್ನುವುದು ಎಂಟನೇ ಹಂತದಲ್ಲಿದೆ.

ಹಂತ 3: ಬೆಂಡು ಮಾಡುವುದು

ನೂಡಲ್ಲನ್ನು 12 ಇಂಚಿನ ತುಂಡು ಮಾಡಿ. ಪೈಪನ್ನು 15 ಇಂಚಿಗೆ ಕತ್ತರಿಸಿ ನೂಡಲ್ಲಿನ ತೂತಿನಲ್ಲಿ ತೂರಿಸಿ. ಒಂದು ಕಡೆ ಅರ್ಧ ಇಂಚು, ಇನ್ನೊಂದು ಕಡೆ ಎರಡೂವರೆ ಇಂಚು ಹೊರಗೆ ಕಾಣಬೇಕು. ಈ ಉದ್ದನೆಯ ತುದಿಯೇ ದಾರ ಕಟ್ಟುವ ತುದಿ. ಅಲ್ಲಿ ಪೈಪಿಗೆ ಆರಪಾರ ತೂತು ಕೊರೆದು, ಮರಳುಕಾಗದದಿಂದ ಅಂಚು ನಯ ಮಾಡಿ. ಅಂಚು ಚೂಪಾಗಿದ್ದರೆ ದಾರ ಅಲ್ಲೇ ಸವೆದು ಹರಿಯುತ್ತದೆ. ಪೈಪಿನೊಳಗೆ ನೀರು ಹೋದರೂ ಚಿಂತೆಯಿಲ್ಲ, ತೇಲಿಸುವುದು ಫೋಮ್.

ಮುಚ್ಚಳ ಅಂಟಿಸುವ ಮುಂಚೆ ಪೈಪಿನೊಳಗೆ 3 ಇಂಚಿನ ಕಬ್ಬಿಣದ ಬೋಲ್ಟ್ ಒಂದನ್ನು ಹಾಕಿ. ಅದು ಸಲೀಸಾಗಿ ಜಾರಬೇಕು. ಬೆಂಡು ಬಿಡುವಾಗ ಬೋಲ್ಟ್ ದಾರದ ತುದಿಗೆ ಎದುರು ತುದಿಯಲ್ಲಿರಲಿ. ಆಗ ಬೆಂಡು ಅಡ್ಡ ಮಲಗಿ ತೇಲುತ್ತದೆ. ಮೀನು ಎಳೆದಾಗ ದಾರದ ತುದಿ ಕೆಳಗೆ ಹೋಗುತ್ತದೆ, ಬೋಲ್ಟ್ ಜಾರಿ ಆ ಕಡೆ ಬರುತ್ತದೆ, ಬೆಂಡು ನೆಟ್ಟಗೆ ನಿಂತುಬಿಡುತ್ತದೆ. ಮೀನು ಸ್ವಲ್ಪ ಸುಮ್ಮನಾದರೂ ಮತ್ತೆ ಮಲಗುವುದಿಲ್ಲ. ಅರ್ಧ ಕಿಲೋಮೀಟರ್ ಆಚೆಯಿಂದಲೂ ಇದನ್ನು ಬೈನಾಕ್ಯುಲರ್‌ನಲ್ಲಿ ಗುರುತಿಸಬಹುದು.

ಮೇಲೆ ಏಳುವ ಅರ್ಧಕ್ಕೆ ಪ್ರತಿಫಲಿಸುವ ಟೇಪು ಸುತ್ತಿ. ಬೆಂಡುಗಳಿಗೆ 1, 2, 3 ಅಂತ ನಂಬರ್ ಬರೆಯಿರಿ. ಸಂಜೆ ಎಣಿಸುವಾಗ "ಒಂದು ಕಮ್ಮಿ ಇದೆ" ಅನ್ನುವುದಕ್ಕಿಂತ "ಐದನೆಯದು ಇಲ್ಲ" ಅಂತ ಗೊತ್ತಾದರೆ ಹುಡುಕುವುದು ಸುಲಭ. ಐದನ್ನು ಎಲ್ಲಿ ಬಿಟ್ಟಿದ್ದು ಅನ್ನುವುದು ನೆನಪಿರುತ್ತದೆ.

ಬಾಟಲಿಯೇ ಬೇಕು ಅನ್ನುವವರಿಗೆ: ಬಟ್ಟೆ ಸೋಪಿನ ದಪ್ಪ ಬಾಟಲಿ ಒಳ್ಳೆಯದು, ಹಿಡಿಕೆಗೆ ದಾರ ಕಟ್ಟಬಹುದು. ಸೋಪಿನ ವಾಸನೆ ಹೋಗುವವರೆಗೆ ತೊಳೆದು, ಮುಚ್ಚಳವನ್ನು ಅಂಟು ಹಾಕಿ ಬಿಗಿಯಿರಿ. ಹಾಲಿನ ತೆಳು ಕ್ಯಾನ್ ಬೇಡ. ಟೆಕ್ಸಸ್ ಬಿಸಿಲಿಗೆ ಅದು ಪೆಡಸಾಗಿ ಒಡೆಯುತ್ತದೆ. ಒಂದು ಗ್ಯಾಲನ್‌ನ ಖಾಲಿ ಬಾಟಲಿ ನೀರಿನ ಮೇಲೆ ಎತ್ತರಕ್ಕೆ ನಿಲ್ಲುವುದರಿಂದ ಗಾಳಿಗೆ ಹಾಯಿದೋಣಿಯ ಹಾಗೆ ಓಡುತ್ತದೆ. ಎರೆ ಅದರ ಹಿಂದೆ ಮೇಲಕ್ಕೆ ತೇಲಿಕೊಂಡು ಹೋಗುತ್ತದೆ, ಆಳ ಕೆಡುತ್ತದೆ. ಮೂರನೇ ಒಂದು ಭಾಗ ನೀರು ತುಂಬಿಸಿದರೆ ಬಾಟಲಿ ತಗ್ಗಿ ನಿಧಾನವಾಗುತ್ತದೆ.

ಹಂತ 4: ದಾರ ಕಟ್ಟುವುದು

ಪ್ರತಿ ಬೆಂಡಿಗೂ 25 ಅಡಿ ದಾರ ಕತ್ತರಿಸಿ. ಬೇಕಾದಷ್ಟು ಬಿಟ್ಟು ಉಳಿದದ್ದನ್ನು ನೂಡಲ್ಲಿಗೇ ಸುತ್ತಿಡುತ್ತೀರಿ. ಹಾಗಾಗಿ ಒಂದೇ ಬೆಂಡು ಎಲ್ಲ ಕಾಲಕ್ಕೂ ಆಗುತ್ತದೆ. ತೂಕದ ತುದಿಯಿಂದ ಶುರು ಮಾಡಿ ಪ್ರತಿ 5 ಅಡಿಗೆ ಬಣ್ಣದ ನೂಲಿನ ಗಂಟು ಹಾಕಿ. ಕಪ್ಪು ದಾರದ ಮೇಲೆ ಪೆನ್ನಿನ ಗುರುತು ಕಾಣುವುದಿಲ್ಲ.

ಕಟ್ಟುವ ಕ್ರಮ ಮೇಲಿನಿಂದ ಕೆಳಕ್ಕೆ ಹೀಗೆ: ಬೆಂಡು, ಟ್ಯಾಗ್, ಮುಖ್ಯ ದಾರ, ಮೊದಲ ಹುಕ್ಕಿನ ಕವಲು, ಅದಕ್ಕಿಂತ 3 ಅಡಿ ಕೆಳಗೆ ಎರಡನೇ ಕವಲು, ಅಲ್ಲಿಂದ 2 ಅಡಿ ಕೆಳಗೆ ತೂಕ. ಕವಲಿನ ಉದ್ದ 12 ಇಂಚು, ಅದಕ್ಕಿಂತ ಜಾಸ್ತಿ ಬೇಡ. ಎರಡು ಕವಲುಗಳ ಉದ್ದ ಕೂಡಿಸಿದರೆ ಅವುಗಳ ನಡುವಿನ ಅಂತರಕ್ಕಿಂತ ಕಡಿಮೆ ಇರಬೇಕು. ಅಷ್ಟಿದ್ದರೆ ಒಂದು ಹುಕ್ ಇನ್ನೊಂದನ್ನು ಮುಟ್ಟಲಾರದು. ಗಂಟು ಗಂಟಾಯಿತು ಅಂತ ಗೋಳಾಡುವವರು ತೋರಿಸುವ ಗಾಳದಲ್ಲೆಲ್ಲ ಕವಲು ಎರಡೆರಡು ಅಡಿ ಇರುತ್ತದೆ.

ಕವಲು ಮುಖ್ಯ ದಾರಕ್ಕೆ ಸೇರುವಲ್ಲಿ ಸ್ವಿವೆಲ್ ಇರಲಿ. ಕ್ಯಾಟ್‌ಫಿಶ್ ಹುಕ್ಕಿಗೆ ಸಿಕ್ಕ ಮೇಲೆ ಉರುಳಾಡುತ್ತದೆ. ಸ್ವಿವೆಲ್ ಇಲ್ಲದಿದ್ದರೆ ಕವಲು ಹುರಿಗೊಂಡು ತುಂಡಾಗುತ್ತದೆ.

ತೂಕವನ್ನು ಮುಖ್ಯ ದಾರಕ್ಕೆ ನೇರ ಕಟ್ಟಬೇಡಿ. 15 ಪೌಂಡಿನ ಹಳೇ ದಾರದ ಒಂದು ತುಂಡಿನಿಂದ ಕಟ್ಟಿ. ತೂಕ ಮರದ ಬೊಡ್ಡೆಗೆ ಸಿಕ್ಕಿಕೊಂಡರೆ ಅದೊಂದೇ ಕಿತ್ತು ಹೋಗಲಿ, ಮೀನು ಮತ್ತು ಬೆಂಡು ಉಳಿಯಲಿ.

5 ಹುಕ್ಕಿಗೆ ಅವಕಾಶ ಇದೆಯಲ್ಲ ಅಂತ ಐದೂ ಕಟ್ಟುವುದು ಮೊದಲ ವರ್ಷದ ದುರಾಸೆ. ಎರಡೇ ಸಾಕು. ಮಕ್ಕಳು ಜೊತೆಗಿದ್ದರೆ ಒಂದೇ.

ಹಂತ 5: ಆಳ

ಇಲ್ಲಿ ಲೇಕ್ ಅಂತ ಕರೆಯುವುದೆಲ್ಲ ಹೆಚ್ಚುಕಡಿಮೆ ಅಣೆಕಟ್ಟಿನ ಹಿನ್ನೀರು. ಕೆಳಗೆ ಹಳೇ ನದಿಯ ಪಾತ್ರ, ಮುಳುಗಿದ ಹೊಲ, ಮರದ ಬೊಡ್ಡೆ ಎಲ್ಲ ಇವೆ. ಒಂದೇ ಕಡೆ 8 ಅಡಿ ಇದ್ದದ್ದು ಐವತ್ತು ಹೆಜ್ಜೆ ಆಚೆ 35 ಅಡಿ ಆಗಬಹುದು. ಹಾಗಾಗಿ "ಹತ್ತು ಅಡಿ ದಾರ ಬಿಟ್ಟರೆ ಸಾಕಾ" ಅನ್ನುವ ಪ್ರಶ್ನೆಗೆ ಕಾಲ ಮತ್ತು ಜಾಗ ಗೊತ್ತಿಲ್ಲದೆ ಉತ್ತರ ಇಲ್ಲ.

ಬೇಸಿಗೆ ಮೊದಲು ನೋಡೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲುವವರೇ ಜಾಸ್ತಿ. ಬಿಸಿಲಿಗೆ ಮೇಲಿನ ನೀರು ಕಾದು ಹಗುರಾಗುತ್ತದೆ, ಕೆಳಗಿನದು ತಣ್ಣಗೆ ಭಾರವಾಗಿ ಉಳಿಯುತ್ತದೆ. ಎರಡೂ ಬೆರೆಯುವುದಿಲ್ಲ. ತಳದಲ್ಲಿ ಕೊಳೆಯುವ ಎಲೆ, ಕಸ ಅಲ್ಲಿನ ಆಮ್ಲಜನಕವನ್ನು ತಿಂದು ಮುಗಿಸುತ್ತದೆ. ಮೇಲಿನಿಂದ ಹೊಸದು ಬರುವುದಿಲ್ಲ. ಈ ಎರಡು ಪದರಗಳ ಗಡಿಗೆ ಥರ್ಮೋಕ್ಲೈನ್ ಅನ್ನುತ್ತಾರೆ. ಟೆಕ್ಸಸ್ ಕೆರೆಗಳಲ್ಲಿ ಅದು ಸುಮಾರಾಗಿ 15ರಿಂದ 30 ಅಡಿಯ ನಡುವೆ ಎಲ್ಲೋ ಇರುತ್ತದೆ. ಅದರ ಕೆಳಗೆ ಮೀನು ಉಸಿರಾಡಲು ಆಗುವುದಿಲ್ಲ. "ಕ್ಯಾಟ್‌ಫಿಶ್ ತಳದ ಮೀನು" ಅಂತ ಎಲ್ಲೋ ಓದಿಕೊಂಡು 35 ಅಡಿ ನೀರಿನಲ್ಲಿ ತಳಕ್ಕೆ ಎರೆ ಇಳಿಸಿದರೆ, ಅಲ್ಲಿ ತಿನ್ನುವವರೇ ಇಲ್ಲ. ಎರೆ ಇಳಿಸಿದ ಹಾಗೇ ವಾಪಸ್ ಬರುತ್ತದೆ.

ಗಡಿ ಎಲ್ಲಿದೆ ಅಂತ ಫಿಶ್ ಫೈಂಡರ್‌ನಲ್ಲಿ (ನೀರಿನೊಳಗಿನ ಮೀನು, ಆಳ ತೋರಿಸುವ ಉಪಕರಣ) ನೋಡಿ. ಸೂಕ್ಷ್ಮತೆ ಸ್ವಲ್ಪ ಜಾಸ್ತಿ ಮಾಡಿದರೆ ಪರದೆಯ ಅಡ್ಡಕ್ಕೆ ಮಸುಕಾದ ಗೆರೆಯೊಂದು ಕಾಣುತ್ತದೆ. ಮೀನಿನ ಗುರುತುಗಳೆಲ್ಲ ಆ ಗೆರೆಯ ಮೇಲೇ ಇರುತ್ತವೆ. ನಿಮ್ಮ ಕೆಳಗಿನ ಹುಕ್ ಗೆರೆಗಿಂತ 3 ಅಡಿ ಮೇಲೆ ಇರಲಿ. ಫೈಂಡರ್ ಇಲ್ಲದಿದ್ದರೆ ಬೇಸಿಗೆಯಲ್ಲಿ 15 ಅಡಿಗಿಂತ ಆಳವಿಲ್ಲದ ಜಾಗ ಆರಿಸಿಕೊಳ್ಳಿ, ತೊಂದರೆಯೇ ಇಲ್ಲ. ಆಳ ಅಳೆಯಲು ದಾರಕ್ಕೆ ಕಲ್ಲು ಕಟ್ಟಿ ಇಳಿಸಿದರೂ ಸಾಕು.

ಮಾರ್ಚ್‌ನಿಂದ ಮೇ: ಮೀನು ತೆಳು ನೀರಿಗೆ ಬರುತ್ತದೆ. 6ರಿಂದ 15 ಅಡಿ ಆಳದ ಸಮತಟ್ಟು ಜಾಗ, ಹುಕ್ ತಳಕ್ಕಿಂತ 2 ಅಡಿ ಮೇಲೆ. ಕಲಿಯುವವರಿಗೆ ಇದೇ ಒಳ್ಳೆಯ ಕಾಲ.

ಚಳಿಗಾಲ: ಬ್ಲೂ ಕ್ಯಾಟ್‌ಫಿಶ್ ಹುಡುಕುವವರ ಕಾಲ. ಶ್ಯಾಡ್ ಅನ್ನುವ ಬೆಳ್ಳಿ ಬಣ್ಣದ ಚಿಕ್ಕ ಮೀನುಗಳ ಗುಂಪು ಎಲ್ಲಿದೆಯೋ ಬ್ಲೂ ಅಲ್ಲಿರುತ್ತದೆ, ನಡು ನೀರಿನಲ್ಲೂ ಇರಬಹುದು. ಫೈಂಡರ್‌ನಲ್ಲಿ ಮೋಡದಂತೆ ಕಾಣುವ ಗುಂಪಿನ ಆಳಕ್ಕೇ ಹುಕ್ ಇಡಿ. ಟೆಕ್ಸೋಮಾದಲ್ಲಿ 121.5 ಪೌಂಡಿನ ಬ್ಲೂ ಸಿಕ್ಕಿದ್ದು 2004ರ ಜನವರಿಯಲ್ಲಿ. ಅದು ಕೋಲಿಗೆ ಸಿಕ್ಕ ಮೀನು, ನಿಜ. ಆದರೆ ಚಳಿಯಲ್ಲಿ ದಪ್ಪ ದಾರ ಯಾಕೆ ಬೇಕು ಅಂತ ಕೇಳುವವರಿಗೆ ಆ ತೂಕವೇ ಉತ್ತರ.

ಒಂದು ಜಾಗಕ್ಕೆ ಹೊಸದಾಗಿ ಹೋದಾಗ ಎಲ್ಲ ಬೆಂಡನ್ನೂ ಒಂದೇ ಆಳಕ್ಕೆ ಇಡಬೇಡಿ. ಮೂರು 6 ಅಡಿಗೆ, ಮೂರು 10 ಅಡಿಗೆ, ಎರಡು 14 ಅಡಿಗೆ. ಯಾವುದಕ್ಕೆ ಮೊದಲ ಎರಡು ಮೀನು ಬಂತೋ ಉಳಿದವನ್ನೂ ಅದೇ ಆಳಕ್ಕೆ ಬದಲಾಯಿಸಿ. ಹೆಚ್ಚಾದ ದಾರವನ್ನು ನೂಡಲ್ಲಿಗೆ ಸುತ್ತಿ, ಕೊನೆಗೆ ಉದ್ದ ಪೈಪ್ ತುದಿಗೆ ಎರಡು ಕುಣಿಕೆ ಹಾಕಿ ಬಿಗಿಯಿರಿ. ದಾರ ಹೊರಡುವುದು ಆ ತುದಿಯಿಂದಲೇ ಆಗಬೇಕು. ನೂಡಲ್ಲಿನ ನಡುವಿನಿಂದ ಹೊರಟರೆ ಬೆಂಡು ನಿಲ್ಲುವುದೇ ಇಲ್ಲ.

ಹಂತ 6: ಎರೆ

ಎಲ್ಲಕ್ಕಿಂತ ಒಳ್ಳೆಯದು ಅದೇ ಕೆರೆಯ ತಾಜಾ ಶ್ಯಾಡ್. ಬೆಳಗ್ಗೆ ತೆಳು ನೀರಿನಲ್ಲಿ ಬೀಸುಬಲೆ ಹಾಕಿದರೆ ಸಿಗುತ್ತದೆ. ಬಲೆಯ ವ್ಯಾಸ 14 ಅಡಿ ಮೀರಬಾರದು. ಹಿಡಿದ ತಕ್ಷಣ ಐಸ್ ಮೇಲೆ ಹಾಕಿ. ಬಿಸಿಲಲ್ಲಿ ಬಕೆಟ್ಟಿನಲ್ಲಿ ಬಿಟ್ಟರೆ ಅರ್ಧ ಗಂಟೆಯಲ್ಲಿ ಮೆತ್ತಗಾಗಿ ಹುಕ್ಕಿನಿಂದ ಜಾರುತ್ತದೆ. ಫ್ರೀಜರ್‌ನಲ್ಲಿಟ್ಟು ಕರಗಿಸಿದ್ದಕ್ಕೂ ಅದೇ ಗತಿ.

ಒಂದೂವರೆ ಇಂಚಿನ ತುಂಡು ಮಾಡಿ. ತಲೆಯ ತುಂಡು ಗಟ್ಟಿ, ಕೊನೆಯವರೆಗೂ ಉಳಿಯುತ್ತದೆ. ಹುಕ್ಕಿನ ಮೊನೆ ಪೂರ್ತಿ ಹೊರಗೆ ಕಾಣಬೇಕು. ಸರ್ಕಲ್ ಹುಕ್ ಕೆಲಸ ಮಾಡುವುದೇ ಹಾಗೆ. ಮೀನು ನುಂಗಿ ತಿರುಗಿದಾಗ ಹುಕ್ ಜಾರಿ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಮೊನೆಯನ್ನು ಮಾಂಸದಲ್ಲಿ ಹೂತುಬಿಟ್ಟರೆ ಅದು ಎಲ್ಲಿಗೂ ಸಿಕ್ಕುವುದಿಲ್ಲ. ಎರೆ ಹೋಗಿದೆ, ಮೀನಿಲ್ಲ ಅನ್ನುವವರು ಮೊದಲು ಇದನ್ನು ನೋಡಿಕೊಳ್ಳಿ.

ಕೋಳಿ ಲಿವರ್ ಬೇಡ, ಎರಡು ಅಲೆಗೆ ಉದುರುತ್ತದೆ. ಟೆಕ್ಸಸ್‌ನಲ್ಲಿ ಬಹಳ ಜನ ಬಳಸುವ ಇನ್ನೊಂದು ಎರೆ ಸೋಪು. ಹೌದು, ಬಟ್ಟೆ ಒಗೆಯುವ ಝೋಟೆ ಸೋಪು, ಗುಲಾಬಿ ಬಣ್ಣದ್ದು. ಅದನ್ನು ಪ್ರಾಣಿಕೊಬ್ಬಿನಿಂದ ಮಾಡುತ್ತಾರೆ. ಒಂದಿಂಚಿನ ಚೌಕ ತುಂಡು ಮಾಡಿ ಚುಚ್ಚಿದರೆ ಗಂಟೆಗಟ್ಟಲೆ ಉಳಿಯುತ್ತದೆ. ಇದಕ್ಕೆ ಬರುವುದು ಮುಖ್ಯವಾಗಿ ಚಾನೆಲ್ ಕ್ಯಾಟ್‌ಫಿಶ್. ದೊಡ್ಡ ಬ್ಲೂ ಬೇಕಿದ್ದರೆ ಶ್ಯಾಡ್‌ಗೆ ಬದಲಿ ಇಲ್ಲ.

ಹಂತ 7: ಗಾಳಿ ನೋಡಿ ಬಿಡುವುದು

ಮೊದಲು ದೋಣಿ ನಿಲ್ಲಿಸಿ ಒಂದು ಬೆಂಡನ್ನು ಮಾತ್ರ ಬಿಡಿ. ಹತ್ತು ನಿಮಿಷ ನೋಡಿ. ಅದು ಎಲ್ಲಿಗೆ, ಎಷ್ಟು ಜೋರಾಗಿ ಹೋಗುತ್ತದೆ ಅನ್ನುವುದು ಗೊತ್ತಾದ ಮೇಲೆ ಉಳಿದವು. ಈ ಹತ್ತು ನಿಮಿಷ ಉಳಿಸಲು ಹೋಗಿಯೇ ಜನ ಸಂಜೆ ಎರಡು ಗಂಟೆ ಹುಡುಕುತ್ತಾರೆ.

ಮೀನಿರುವ ಜಾಗಕ್ಕಿಂತ ಗಾಳಿ ಬರುವ ಕಡೆಗೆ ಹೋಗಿ, ಗಾಳಿಗೆ ಅಡ್ಡಲಾಗಿ ಸಾಲು ಬಿಡಿ. ಬೆಂಡಿನಿಂದ ಬೆಂಡಿಗೆ 30 ಗಜ. ಗಾಳಿ ಅವನ್ನೆಲ್ಲ ಒಟ್ಟಿಗೆ ಆ ಜಾಗದ ಮೇಲೆ ಹಾಯಿಸುತ್ತದೆ. ಸಾಲಿನ ಮೊದಲ ಮತ್ತು ಕೊನೆಯ ಬೆಂಡಿನ ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಸಿ. ಸಾಲು ಹೋಗುವ ದಾರಿಯಲ್ಲಿ ನೀರು ತೆಳುವಾಗುತ್ತಾ ಬಂದರೆ ತೂಕ ತಳಕ್ಕೆ ತಾಗಿ ನಿಲ್ಲುತ್ತದೆ, ಅದನ್ನೂ ಲೆಕ್ಕ ಹಾಕಿಕೊಳ್ಳಿ. ಮುಳುಗಿದ ಮರಗಳಿರುವ ಕಡೆ ಹಾಯಿಸಲೇಬೇಡಿ.

ನೀರಿಗೆ ಬಿಡುವ ಕ್ರಮ: ಮೊದಲು ತೂಕ, ಆಮೇಲೆ ಕೆಳಗಿನ ಹುಕ್, ಆಮೇಲೆ ಮೇಲಿನ ಹುಕ್, ಕೊನೆಗೆ ಬೆಂಡು. ಬೆಂಡನ್ನು ಮೊದಲು ಎಸೆದರೆ ಗಾಳಿ ಅದನ್ನು ಎಳೆಯುತ್ತದೆ, ದಾರ ನಿಮ್ಮ ಬೆರಳುಗಳ ನಡುವಿನಿಂದ ಓಡುತ್ತದೆ, ಅದರ ಹಿಂದೆಯೇ ಹುಕ್ ಬರುತ್ತದೆ. ಎಂಜಿನ್ ನ್ಯೂಟ್ರಲ್‌ನಲ್ಲಿರಲಿ. ಒಬ್ಬರು ದೋಣಿ ನಡೆಸಲಿ, ಒಬ್ಬರು ಬಿಡಲಿ. ಎರಡನ್ನೂ ಒಬ್ಬರೇ ಮಾಡುವುದು ಬೇಡ.

ಮೇ ಕೊನೆಯ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರಿನ ಲೇಬರ್ ಡೇವರೆಗೆ ವಾರಾಂತ್ಯದ ಮಧ್ಯಾಹ್ನ ಡಾಲಸ್ ಹತ್ತಿರದ ರೇ ಹಬರ್ಡ್, ಲೂಯಿಸ್‌ವಿಲ್‌ನಂಥ ಕೆರೆಗಳಲ್ಲಿ ಮೋಟಾರು ದೋಣಿಗಳ ಸಂತೆ. ನಿಮ್ಮ ದಾರ ಅವರ ಪ್ರೊಪೆಲ್ಲರ್‌ಗೆ ಸಿಕ್ಕಿದರೆ ಇಬ್ಬರಿಗೂ ನಷ್ಟ. ಬೆಳಕು ಹರಿಯುವ ಹೊತ್ತಿಗೆ ಬಿಟ್ಟು, ಹತ್ತು ಗಂಟೆಯೊಳಗೆ ಎತ್ತಿಬಿಡಿ. ದೋಣಿಗಳು ಓಡಾಡುವ ದಾರಿ, ದೋಣಿ ನೀರಿಗಿಳಿಸುವ ರ್‍ಯಾಂಪಿನ ಮುಂದೆ, ಅಣೆಕಟ್ಟಿನ ಹತ್ತಿರದ ನಿರ್ಬಂಧಿತ ಜಾಗ, ಎಲ್ಲಿಯೂ ಬೇಡ.

ವಾಪಸ್ ಹೊರಡಬೇಕಾದ ಸೂಚನೆಗಳು ಇವು. ಅಲೆಗಳ ತುದಿಯಲ್ಲಿ ಬಿಳಿ ನೊರೆ ಕಾಣತೊಡಗಿತು. ಗುಡುಗು ಕೇಳಿಸಿತು, ಎಷ್ಟೇ ದೂರವಿರಲಿ. ಚಳಿಗಾಲದಲ್ಲಿ ಬೆಚ್ಚಗಿನ ದಕ್ಷಿಣದ ಗಾಳಿ ಇದ್ದಕ್ಕಿದ್ದಂತೆ ನಿಂತು ಉತ್ತರದ ಆಕಾಶ ಕಡುನೀಲಿಯಾಯಿತು. ಈ ಕೊನೆಯದಕ್ಕೆ ಇಲ್ಲಿಯವರು ಬ್ಲೂ ನಾರ್ದರ್ ಅನ್ನುತ್ತಾರೆ. ನಿಮಿಷಗಳಲ್ಲಿ ಗಾಳಿ ತಿರುಗಿ, ಉಷ್ಣತೆ ಧಡಕ್ಕನೆ ಇಳಿಯುತ್ತದೆ. ಬೆಂಡು ಎತ್ತಲು ಸಮಯವಿಲ್ಲದಿದ್ದರೆ ಬಿಟ್ಟು ದಡ ಸೇರಿ. ಗಾಳಿ ಇಳಿದ ಮೇಲೆ ಅದು ಬೀಸಿದ ಕಡೆಯ ದಡದಲ್ಲಿ ಹುಡುಕಿ ತರಬಹುದು. ಲೈಫ್ ಜಾಕೆಟ್ ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲಿರಲಿ. 13 ವರ್ಷದೊಳಗಿನ ಮಕ್ಕಳಿಗೆ 26 ಅಡಿಗಿಂತ ಚಿಕ್ಕ ದೋಣಿ ಚಲಿಸುವಾಗ ಅದು ಕಾನೂನಿನಂತೆಯೂ ಕಡ್ಡಾಯ.

ಹಂತ 8: ಬೆಂಡಿನ ನಡೆ ನೋಡುವುದು, ಮೀನು ಎತ್ತುವುದು

ಬೆಂಡು ಗಾಳಿಗೆ ಎದುರಾಗಿ ಹೋಗುತ್ತಿದ್ದರೆ ಮೀನಿದೆ. ನೆಟ್ಟಗೆ ನಿಂತು ತಲೆದೂಗುತ್ತಿದ್ದರೆ ಮೀನಿದೆ. ಮುಳುಗಿ, ಬೇರೆ ಕಡೆ ಎದ್ದರೆ ದೊಡ್ಡದಿದೆ. ನಿಂತಿದೆ ಆದರೆ ಅಲ್ಲಾಡುತ್ತಿಲ್ಲ, ಉಳಿದ ಬೆಂಡುಗಳೆಲ್ಲ ಮುಂದೆ ಹೋಗಿವೆ ಅಂದರೆ ತೂಕ ಎಲ್ಲೋ ಸಿಕ್ಕಿಕೊಂಡಿದೆ. ಚಟಪಟ ಕುಣಿದು ಸುಮ್ಮನಾದರೆ ಆಮೆಯೋ ಗಾರ್ ಮೀನೋ ಎರೆ ಕಿತ್ತಿರಬಹುದು. ಎರಡು ಮೂರು ಬೆಂಡಿಗೆ ಹೀಗೇ ಆದರೆ ಜಾಗ ಬದಲಾಯಿಸಿ. ಅಲೆ ಜಾಸ್ತಿಯಿದ್ದರೆ ಬೋಲ್ಟ್ ತಾನೇ ಜಾರಿ ಬೆಂಡು ಸುಳ್ಳೇ ನಿಲ್ಲುವುದೂ ಉಂಟು.

ನಿಂತ ಬೆಂಡಿನ ಕಡೆಗೆ ನುಗ್ಗಬೇಡಿ. ಗಾಳಿ ನಿಮ್ಮ ಮುಖಕ್ಕೆ ಬಡಿಯುವ ಹಾಗೆ ಹತ್ತಿರ ಹೋಗಿ. ಆಗ ಎಂಜಿನ್ ನ್ಯೂಟ್ರಲ್ ಮಾಡಿದರೆ ಗಾಳಿ ದೋಣಿಯನ್ನು ಬೆಂಡಿನಿಂದ ಹಿಂದಕ್ಕೆ ತಳ್ಳುತ್ತದೆ, ದಾರದ ಮೇಲೆ ಹತ್ತಿಸುವುದಿಲ್ಲ. ಕೊಕ್ಕೆ ಕೋಲಿನಿಂದ ಬೆಂಡು ಎಳೆದುಕೊಂಡು, ದಾರವನ್ನು ಕೈ ಮೇಲೆ ಕೈ ಹಾಕಿ ನಿಧಾನಕ್ಕೆ ತನ್ನಿ.

ಇಲ್ಲಿ ಎರಡು ಅಪಾಯ. ಒಂದು, ದಾರವನ್ನು ಯಾವ ಕಾರಣಕ್ಕೂ ಕೈಗೆ ಸುತ್ತಿಕೊಳ್ಳಬೇಡಿ. 30 ಪೌಂಡಿನ ಮೀನು ಒಮ್ಮೆ ಕೆಳಕ್ಕೆ ಹೊಡೆದರೆ ಬೆರಳು ಬಿಡಿಸಿಕೊಳ್ಳಲು ಆಗುವುದಿಲ್ಲ. ಅದು ಎಳೆದರೆ ದಾರ ಬಿಡಿ, ಬೆಂಡನ್ನೇ ಬಿಟ್ಟುಬಿಡಿ. ಸುಸ್ತಾದ ಮೇಲೆ ಮತ್ತೆ ಬಂದು ಹಿಡಿಯಬಹುದು. ಕೋಲಿನ ಮೀನುಗಾರಿಕೆಯಲ್ಲಿ ಈ ಸೌಲಭ್ಯ ಇಲ್ಲ. ಎರಡು, ಮೀನು ಕೆಳಗಿನ ಹುಕ್ಕಿನಲ್ಲಿದ್ದರೆ ಮೇಲಿನ ಖಾಲಿ ಹುಕ್ ನಿಮ್ಮ ಕೈ ದಾಟಿ ಹೋಗಬೇಕು. ಅದು ಹತ್ತಿರ ಬಂದಾಗ ನಿಲ್ಲಿಸಿ, ಜೊತೆಯವರು ಕವಲನ್ನು ಬಿಚ್ಚಲಿ ಅಥವಾ ಕತ್ತರಿಸಲಿ. ಹಾಗೂ ಕೈಗೆ ಚುಚ್ಚಿತು ಅಂದರೆ ಮೊದಲು ಮಾಡುವ ಕೆಲಸ ಮೀನಿನ ಕಡೆಗಿರುವ ದಾರ ಕತ್ತರಿಸುವುದು. ಕಟ್ಟರ್ ಇರುವುದು ಇದಕ್ಕೆ. ಹುಕ್ ಆಳಕ್ಕೆ ಇಳಿದಿದ್ದರೆ ಎಳೆದು ತೆಗೆಯಲು ಹೋಗಬೇಡಿ, ಆಸ್ಪತ್ರೆಗೆ ಹೋಗಿ.

ಬಲೆಯನ್ನು ಮೊದಲೇ ನೀರಿನಲ್ಲಿಟ್ಟು, ಮೀನಿನ ತಲೆಯನ್ನು ಅದರೊಳಗೆ ನಡೆಸಿ. ಹಿಂದಿನಿಂದ ಬಾಚಲು ಹೋದರೆ ಬಲೆಗೆ ಖಾಲಿ ಹುಕ್ ಸಿಕ್ಕಿಕೊಂಡು ಎಲ್ಲ ಕೆಡುತ್ತದೆ. ಕ್ಯಾಟ್‌ಫಿಶ್‌ಗೆ ಬೆನ್ನ ಮೇಲೊಂದು, ಎರಡು ಪಕ್ಕದಲ್ಲಿ ಒಂದೊಂದು ಮುಳ್ಳಿದೆ. ಚುಚ್ಚಿದರೆ ಸ್ವಲ್ಪ ವಿಷವೂ ಇದೆ, ಉರಿಯುತ್ತದೆ. ಚಿಕ್ಕ ಮೀನಿನ ಮುಳ್ಳೇ ಜಾಸ್ತಿ ಚೂಪು. ಪಕ್ಕದ ಮುಳ್ಳುಗಳ ಹಿಂದೆ ಅಂಗೈ ಇಟ್ಟು ಹಿಡಿಯಿರಿ. ಮೀಸೆಗೆ ಹೆದರಬೇಡಿ, ಅದು ಏನೂ ಮಾಡುವುದಿಲ್ಲ.

ಮುಕ್ಕಾಲು ಗಂಟೆಗೊಮ್ಮೆ ಎಲ್ಲ ಬೆಂಡನ್ನೂ ಸುತ್ತಿ ನೋಡಿ. ಎರೆ ಬೆಳ್ಳಗಾಗಿದ್ದರೆ ಬದಲಿಸಿ. ಬಿಟ್ಟು ಮನೆಗೆ ಹೋಗಿ ಮರುದಿನ ಬರುವ ಪದ್ಧತಿ ಕೆಲವರಿಗಿದೆ. ನನಗೆ ಅದು ಹಿಡಿಸುವುದಿಲ್ಲ. ಹುಕ್ಕಿನಲ್ಲೇ ಸತ್ತ ಮೀನು ಯಾರಿಗೂ ಉಪಯೋಗವಿಲ್ಲ.

ಹಂತ 9: ಯಾವುದನ್ನು ಇಟ್ಟುಕೊಳ್ಳಬಹುದು

ಬಾಲ ಕವಲೊಡೆದಿದ್ದರೆ ಬ್ಲೂ ಅಥವಾ ಚಾನೆಲ್. ಹೊಟ್ಟೆಯ ಹಿಂಭಾಗದ ಈಜುರೆಕ್ಕೆಯ ಅಂಚು ಗೆರೆ ಎಳೆದಂತೆ ನೇರ ಇದ್ದರೆ ಬ್ಲೂ, ದುಂಡಗಿದ್ದರೆ ಚಾನೆಲ್. ತಲೆ ಚಪ್ಪಟೆ, ಕೆಳದವಡೆ ಮುಂದೆ ಚಾಚಿದ್ದರೆ ಫ್ಲಾಟ್‌ಹೆಡ್.

2021ರ ಸೆಪ್ಟೆಂಬರ್‌ನಿಂದ ರಾಜ್ಯದ ಸಾಮಾನ್ಯ ನಿಯಮ ಹೀಗಿದೆ: ಬ್ಲೂ ಮತ್ತು ಚಾನೆಲ್ ಸೇರಿ ದಿನಕ್ಕೆ 25, ಕನಿಷ್ಠ ಉದ್ದ ಇಲ್ಲ, ಆದರೆ 20 ಇಂಚು ಮತ್ತು ಅದಕ್ಕಿಂತ ಉದ್ದದ್ದು 10 ಮಾತ್ರ. ಫ್ಲಾಟ್‌ಹೆಡ್ 18 ಇಂಚಿಗಿಂತ ಚಿಕ್ಕದಾದರೆ ಬಿಡಬೇಕು, ದಿನಕ್ಕೆ 5. ಹೆಸರುವಾಸಿ ಕೆರೆಗಳಲ್ಲಿ ಇದಕ್ಕಿಂತ ಬಿಗಿ ಇರಬಹುದು, ಮೊದಲೇ ನೋಡಿಕೊಂಡಿರಿ. ಅನುಮಾನ ಬಂದರೆ ಬಿಟ್ಟುಬಿಡಿ.

30 ಇಂಚು ದಾಟಿದ್ದನ್ನು ಕಾನೂನು ಬಿಟ್ಟರೂ ನೀವು ವಾಪಸ್ ಬಿಡುವುದು ಒಳ್ಳೆಯದು. ಅಷ್ಟು ಬೆಳೆಯಲು ಅದಕ್ಕೆ ಹಲವು ವರ್ಷ ಬೇಕು. ಹಳೇ ಮೀನಿನ ಮೈಯಲ್ಲಿ ನೀರಿನ ಕಲ್ಮಶವೂ ಜಾಸ್ತಿ ಸೇರಿರುತ್ತದೆ, ರುಚಿಯೂ ಕಡಿಮೆ. ಕೆಲವು ಕೆರೆಗಳ ಮೀನು ತಿನ್ನುವ ಬಗ್ಗೆ ರಾಜ್ಯದ ಆರೋಗ್ಯ ಇಲಾಖೆಯ ಎಚ್ಚರಿಕೆ ಇದೆ. ಗರ್ಭಿಣಿಯರು, ಮಕ್ಕಳು ಇರುವ ಮನೆಯವರು ಅದನ್ನು ಓದಿಯೇ ಅಡುಗೆ ಮಾಡಲಿ. ಅಡುಗೆಗೆ ಎರಡು ಮೂರು ಪೌಂಡಿನ ಮೀನೇ ಸರಿ.

ಹಂತ 10: ದಡ ಸೇರಿದ ಮೇಲೆ

ಬೆಂಡು ಎಣಿಸಿ. ನಂಬರ್ ಕೂಡಿಬರದಿದ್ದರೆ ಗಾಳಿ ಬೀಸಿದ ಕಡೆಯ ದಡ ಮತ್ತು ಜೊಂಡಿನಲ್ಲಿ ಹುಡುಕಿ. ಬಿಟ್ಟುಹೋದ ಬೆಂಡು ಆಮೆ, ಹಕ್ಕಿಗಳನ್ನು ವಾರಗಟ್ಟಲೆ ಹಿಡಿಯುತ್ತಲೇ ಇರುತ್ತದೆ. ಅದರ ಮೇಲೆ ನಿಮ್ಮ ಹೆಸರೂ ಇದೆ.

ದೋಣಿಯ ನೀರನ್ನೆಲ್ಲ ರ್‍ಯಾಂಪಿನ ಹತ್ತಿರವೇ ಖಾಲಿ ಮಾಡಿ. ಕೂಲರ್, ಎರೆ ಬಕೆಟ್ಟು, ಲೈವ್‌ವೆಲ್ (ಮೀನನ್ನು ಜೀವಂತ ಇಡುವ ತೊಟ್ಟಿ) ಎಲ್ಲ. ಜೀಬ್ರಾ ಮಸೆಲ್ ಅನ್ನುವ ಚಿಪ್ಪು ಪ್ರಾಣಿ 2009ರಲ್ಲಿ ಟೆಕ್ಸೋಮಾದಲ್ಲಿ ಕಂಡಿತು, ದೋಣಿಗಳ ಜೊತೆ ಬೇರೆ ಕೆರೆಗಳಿಗೂ ಹಬ್ಬಿತು. ಹಾಗಾಗಿ ನೀರು ಖಾಲಿ ಮಾಡದೆ ರಸ್ತೆಗೆ ಬರುವುದು ಟೆಕ್ಸಸ್‌ನಲ್ಲಿ ಅಪರಾಧ.

ಮೀನು ಕೊಯ್ಯುವುದು ದಡದಲ್ಲೇ, ದೋಣಿಯಲ್ಲಿ ಬೇಡ. ಕ್ಯಾಟ್‌ಫಿಶ್‌ಗೆ ಹುರುಪೆ ಇಲ್ಲ, ಚರ್ಮವನ್ನೇ ಸುಲಿಯಬೇಕು. ತಲೆಯ ಹಿಂದೆ ಸುತ್ತ ಗೀರಿ, ಇಕ್ಕಳದಿಂದ ಚರ್ಮ ಹಿಡಿದು ಬಾಲದ ಕಡೆಗೆ ಎಳೆಯಿರಿ. ಮಾಂಸ ಬಿಡಿಸಿದ ಮೇಲೆ ಪಕ್ಕದಲ್ಲಿ ಕೆಂಪಗಿನ ಪಟ್ಟಿಯೊಂದು ಕಾಣುತ್ತದೆ, ಹೊಟ್ಟೆಯ ಕಡೆ ಹಳದಿ ಕೊಬ್ಬು ಇರುತ್ತದೆ. ಎರಡನ್ನೂ ತೆಗೆದು ಎಸೆಯಿರಿ. "ಕೆಸರು ವಾಸನೆ" ಅಂತ ಮನೆಯವರು ಮೂಗು ಮುರಿಯುವುದು ಬಹುಮಟ್ಟಿಗೆ ಇವುಗಳಿಂದಲೇ. ಉಪ್ಪು, ಅರಿಶಿನ, ನಿಂಬೆರಸ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ.

ತವಾ ಫ್ರೈಗೆ ರವೆ ಹಚ್ಚಿದರೆ ಚೆನ್ನಾಗಿ ಬರುತ್ತದೆ. ಸಾರಿಗೆ ಹಾಕುವುದಾದರೆ ಹುಣಸೆಹುಳಿ, ಮಸಾಲೆ ಚೆನ್ನಾಗಿ ಕುದಿದ ಮೇಲೆ ಕೊನೆಗೆ ತುಂಡು ಹಾಕಿ. ಏಳೆಂಟು ನಿಮಿಷ ಸಾಕು. ಸೌಟು ಹಾಕಿ ತಿರುವಬೇಡಿ, ಮೆತ್ತನೆ ಮೀನು ಪುಡಿಯಾಗುತ್ತದೆ. ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ.